ಚಿತ್ರ ಬೇಡ, ದನಿ ಸಾಕು

ಶಿಕ್ಷಕಿಯೊಬ್ಬರು ಬೇಸರದಿಂದ ಬರೆದಿದ್ದಾರೆ: “ಅಂಟಾರ್ಕ್ಟಿಕಾದಲ್ಲಿರುವ ವಿಜ್ಞಾನಿಯೊಡನೆ ತರಗತಿಯ ನೇರ ಮಾತುಕತೆ ಏರ್ಪಡಿಸಿದ್ದೆವು. ಸ್ವಾಗತ, ಭಾಷಣ ಮುಗಿದು ಮಕ್ಕಳು ನಾವು ತಿದ್ದಿಕೊಟ್ಟ ಪ್ರಶ್ನೆ ಕೇಳುವಷ್ಟರಲ್ಲಿ ಚಿತ್ರ ನಿಂತಿತು, ಆಮೇಲೆ ಸಂಪರ್ಕವೂ ಹೋಯಿತು. ಒಳ್ಳೆಯ ವಿಡಿಯೊ ತೋರಿಸಿದ್ದರೆ ಸಾಕಿತ್ತಲ್ಲವೇ?”

ತೋರಿಸಿ ಮೇಡಂ, ತಪ್ಪಿಲ್ಲ. ಹಿಮ ಕೊರೆಯುವ ಕೆಲಸ ವಿಡಿಯೊದಲ್ಲೇ ಚೆನ್ನಾಗಿ ಕಾಣುತ್ತದೆ. ಆದರೆ “ಅದು ನಮಗೂ ಗೊತ್ತಿಲ್ಲ, ಅದನ್ನೇ ಹುಡುಕುತ್ತಿದ್ದೇವೆ” ಎಂದು ವಿಜ್ಞಾನಿ ತಡವರಿಸಿ ಹೇಳುವುದನ್ನು ಮಗು ಕೇಳಬೇಕಾದರೆ ನೇರ ಮಾತೇ ಆಗಬೇಕು. ವಿಡಿಯೊ ಸಂಕಲನದಲ್ಲಿ ಮೊದಲು ಕತ್ತರಿ ಬೀಳುವುದೇ ಆ ಮಾತಿಗೆ.

ನಿಮ್ಮನ್ನು ಕೆಡಿಸಿದ್ದು ಚಿತ್ರದ ಹಠ. ಅಂಟಾರ್ಕ್ಟಿಕಾಕ್ಕೆ ಸಮುದ್ರದಡಿಯ ಕೇಬಲ್ ಇಲ್ಲ, ಎಲ್ಲವೂ ಉಪಗ್ರಹದ ಮೂಲಕ. ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳಿರುವುದು ಸಮಭಾಜಕದ ಮೇಲೆ, 36,000 ಕಿ.ಮೀ. ಎತ್ತರದಲ್ಲಿ. 71 ಡಿಗ್ರಿ ಅಕ್ಷಾಂಶದ ಹತ್ತಿರವಿರುವ ಭಾರತದ ಮೈತ್ರಿ ನಿಲ್ದಾಣದಿಂದ ಅವು ದಿಗಂತಕ್ಕಿಂತ ಹೆಚ್ಚೆಂದರೆ 11 ಡಿಗ್ರಿ ಮೇಲೆ. 81 ಡಿಗ್ರಿ ಅಕ್ಷಾಂಶ ದಾಟಿದರೆ ದಿಗಂತದ ಕೆಳಗೆ. ದಕ್ಷಿಣ ಧ್ರುವದ ಅಮುಂಡ್‌ಸೆನ್–ಸ್ಕಾಟ್ ನಿಲ್ದಾಣದವರು ಕಕ್ಷೆ ವಾಲಿ ಸಮಭಾಜಕದ ದಕ್ಷಿಣಕ್ಕೂ ಇಳಿದುಬರುವ ಹಳೆಯ ಉಪಗ್ರಹಗಳನ್ನು ನೆಚ್ಚಿಕೊಂಡದ್ದು ಇದಕ್ಕೇ. ಅವು ಕಾಣಿಸುವುದು ದಿನಕ್ಕೆ ಕೆಲವೇ ಗಂಟೆ, ಅದೂ ದಿನದಿನಕ್ಕೆ ನಾಲ್ಕು ನಿಮಿಷ ಬೇಗ. ತಿಂಗಳ ಮೊದಲು ಗೊತ್ತುಮಾಡಿದ ವೇಳೆ ಎರಡು ಗಂಟೆ ಮುಂಚೆಗೆ ಸರಿದಿರುತ್ತದೆ. ಮಾತುಕತೆಯ ಹಿಂದಿನ ವಾರ ವೇಳೆಯನ್ನು ಮತ್ತೆ ಕೇಳಿಕೊಳ್ಳಿ. ಆರ್ಕ್ಟಿಕ್ಕಿನ ಸಂಶೋಧನಾ ನೆಲೆ ನೂ-ಒಲೆಸುಂಡ್‌ಗೆ ಕೇಬಲ್ ಇದೆ, ಆದರೆ ರೇಡಿಯೊ ಅಳತೆಗೆ ತೊಂದರೆಯಾಗುತ್ತದೆಂದು ಅಲ್ಲಿ ವೈಫೈ ನಿಷಿದ್ಧ. ಫೋನ್ ಹಿಡಿದು ಓಡಾಡುತ್ತಾ ಹಿಮನದಿ ತೋರಿಸಿ ಎಂದು ಕೇಳುವ ಹಾಗಿಲ್ಲ.

ಚಿತ್ರಗಳನ್ನು ಮೊದಲೇ ತರಿಸಿಕೊಳ್ಳಿ. ಹತ್ತು ಸಾಕು. ಅಂಕಿ ಹಾಕಿ ಗೋಡೆಗೆ ಅಂಟಿಸಿ. “ನಾಲ್ಕನೆಯದನ್ನು ನೋಡಿ” ಎಂದು ಅವರು ಅಲ್ಲಿಂದ ಹೇಳಲಿ. ಇಷ್ಟಾದರೆ ಬರಿ ದನಿ ಸಾಕು. ಇರಿಡಿಯಂ ಎಂಬ ಉಪಗ್ರಹ ಫೋನ್ ಜಾಲದ 66 ಉಪಗ್ರಹಗಳ ಕಕ್ಷೆ ಧ್ರುವಗಳ ಹತ್ತಿರವೇ ಹಾಯುವುದರಿಂದ ಆ ಫೋನ್ ಎಲ್ಲಿಂದಲೂ ನಡೆಯುತ್ತದೆ. ಅದಕ್ಕೆ ತೆರೆದ ಆಕಾಶ ಬೇಕು, ಅಂದರೆ ಮಾತಾಡುವವರು ಹೆಚ್ಚಾಗಿ ಚಳಿಯಲ್ಲೇ ನಿಂತಿರುತ್ತಾರೆ, ಬ್ಯಾಟರಿಯೂ ಬೇಗ ಸೋಲುತ್ತದೆ. ಹದಿನೈದು ನಿಮಿಷಕ್ಕೆ ಮುಗಿಸಿ.

ಇನ್ನೊಂದು ತೊಡಕು ವಿಳಂಬದ್ದು. ಭೂಸ್ಥಿರ ಉಪಗ್ರಹದ ದಾರಿಯಲ್ಲಿ ಪ್ರಶ್ನೆ ಹೋಗಿ ಉತ್ತರ ಬರಲು ಸಿಗ್ನಲ್‌ನ ಪಯಣಕ್ಕೇ ಅರ್ಧ ಸೆಕೆಂಡು. ಕೇಳಿಸಲಿಲ್ಲವೇನೋ ಎಂದು ಮಗು ಮತ್ತೆ ಕೇಳುತ್ತದೆ, ಆಗ ಎರಡೂ ಮಾತು ಡಿಕ್ಕಿ ಹೊಡೆಯುತ್ತವೆ. ಪ್ರಶ್ನೆಯ ಕೊನೆಗೆ “ಮುಗೀತು” ಎಂದು ಹೇಳಿ ಸುಮ್ಮನಾಗುವುದನ್ನು ಅಭ್ಯಾಸ ಮಾಡಿಸಿ. ಮೈಕ್ ಒಂದೇ ಇರಲಿ, ಸ್ಪೀಕರ್‌ನಿಂದ ದೂರವಿರಲಿ. ಹತ್ತಿರವಿದ್ದರೆ ವಿಜ್ಞಾನಿಗೆ ತಮ್ಮ ಮಾತೇ ವಾಪಸು ಕೇಳಿಸುತ್ತದೆ.

ಆದರೆ ಪ್ರಶ್ನೆಗಳನ್ನು ನೀವು ತಿದ್ದಿಕೊಟ್ಟಿರಲ್ಲ, ಅದು ನನಗೆ ಸರಿಬರಲಿಲ್ಲ. ಉಷ್ಣಾಂಶ ಎಷ್ಟು, ಹಿಮದ ದಪ್ಪ ಎಷ್ಟು ಎಂಬುದೆಲ್ಲ ಪುಸ್ತಕದಲ್ಲಿದೆ. ಆರು ತಿಂಗಳ ರಾತ್ರಿಯಲ್ಲಿ ಜಗಳವಾದರೆ ಎಲ್ಲಿ ಹೋಗಿ ಕೂರುತ್ತೀರಿ ಎಂದು ಕೇಳುವ ಹುಡುಗಿ ನಿಮ್ಮ ತರಗತಿಯಲ್ಲೂ ಇದ್ದಾಳು. ನಮ್ಮ ಶಾಲೆಗಳಿಗೆ ಎಲ್ಲವೂ ಸಮಾರಂಭವಾಗಬೇಕು, ಫೋಟೊ ಬರಬೇಕು. ಮಗು ಬಾಯಿ ತೆರೆಯುವ ಹೊತ್ತಿಗೆ ಉಪಗ್ರಹ ಮುಳುಗಿರುತ್ತದೆ. ಮುಂದಿನ ಸಲ ಮುಖ್ಯ ಅತಿಥಿಗಳ ಭಾಷಣವನ್ನು ಸಂಪರ್ಕ ಕಡಿದ ಮೇಲೆ ಇಟ್ಟುಕೊಳ್ಳಿ.