ಕೊಲೆಗಾರ ಸಿಕ್ಕಿಬೀಳದಿರಲಿ ಅನ್ನಿಸಿದ್ದೇಕೆ?

ದಾಸ್ತೊಯೆವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಬಗ್ಗೆ ಬಂದ ಪತ್ರಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ. ಒಂದು ಜೀವ ತೆಗೆದು ಅದರ ಹಣದಿಂದ ನೂರು ಜೀವ ಉಳಿಸಬಹುದೆಂದು ವಾದ ಹೂಡಿ, ರಾಸ್ಕೋಲ್ನಿಕೋವ್ ಎಂಬ ಬಡ ಯುವಕ ಗಿರವಿ ಹಿಡಿಯುವ ಮುದುಕಿಯನ್ನು ಕೊಲ್ಲುವ ರಷ್ಯನ್ ಕಾದಂಬರಿ ಇದು.

ಪ್ರಶ್ನೆ: ಎರಡು ಕೊಲೆ ಮಾಡಿ ರಾಸ್ಕೋಲ್ನಿಕೋವ್ ಒಳಗೆ ನಿಂತಿದ್ದಾನೆ, ಹೊರಗಿನಿಂದ ಯಾರೋ ಬಾಗಿಲು ಜಗ್ಗುತ್ತಿದ್ದಾರೆ. ‘ಇವನು ಹೇಗಾದರೂ ಪಾರಾಗಲಿ’ ಅನ್ನಿಸಿಬಿಟ್ಟಿತು. ಆಮೇಲೆ ನನಗೇ ಹೇಸಿಗೆಯಾಯಿತು. ತಪ್ಪು ನನ್ನದೋ, ಬರೆದವರದೋ?
– ಓದುಗ, ಸಿಂಧನೂರು

ಉತ್ತರ: ಬರೆದವರದು, ಅದೂ ಬೇಕಂತಲೇ ಮಾಡಿದ್ದು. ದಾಸ್ತೊಯೆವ್ಸ್ಕಿ ಮೊದಲು ಈ ಕತೆಯನ್ನು ಕೊಲೆಗಾರನ ಬಾಯಲ್ಲೇ, ‘ನಾನು’ ಎಂದು ಬರೆಯಹೊರಟಿದ್ದರು. ಆಮೇಲೆ ‘ಅವನು’ ಎಂದು ಬದಲಾಯಿಸಿದರೂ ನಿರೂಪಣೆ ಬಹುಪಾಲು ಅವನ ಬೆನ್ನ ಹಿಂದೆಯೇ ನಡೆಯುತ್ತದೆ. ಮೊದಲ ಭಾಗದ ಏಳನೇ ಅಧ್ಯಾಯ ಮತ್ತೆ ತೆಗೆದು ನೋಡಿ. ಬಾಗಿಲು ಜಗ್ಗುವವರ ಮುಖ ನಮಗೆ ಕಾಣುವುದಿಲ್ಲ. ದನಿ ಕೇಳುತ್ತದೆ, ಒಳಗಡೆ ಕುಣಿಯುವ ಚಿಲಕದ ಕೊಂಡಿ ಕಾಣುತ್ತದೆ, ಅಷ್ಟೇ. ಅದು ಕಿತ್ತುಬಂದೀತೇ ಎಂದು ಉಸಿರು ಬಿಗಿಹಿಡಿಯದೆ ಓದುವುದು ಕಷ್ಟ.

ಇದಕ್ಕೆ ತಯಾರಿ ಆರನೇ ಅಧ್ಯಾಯದಲ್ಲೇ ನಡೆದಿದೆ. ಹಳೇ ಅಂಗಿ ಹರಿದು ಕೋಟಿನೊಳಗೆ ಎಡಗಂಕುಳಿಗೆ ಕೊಡಲಿ ತೂಗಿಸಲು ಕುಣಿಕೆ ಹೊಲಿಯುತ್ತಾನೆ. ಗಿರವಿ ಇಡುವ ನೆಪಕ್ಕೆ ಮರದ ತುಂಡಿನ ಜೊತೆ ತೆಳು ಕಬ್ಬಿಣದ ಪಟ್ಟಿ ಸೇರಿಸಿ, ಬಿಚ್ಚಲು ಹೊತ್ತು ಹಿಡಿಯುವಂತೆ ಬಿಗಿಯಾಗಿ ಕಟ್ಟುತ್ತಾನೆ. ಅಡುಗೆಮನೆಯ ಕೊಡಲಿ ತರೋಣವೆಂದರೆ ಕೆಲಸದವಳು ಅಲ್ಲೇ ಬಟ್ಟೆ ಒಣಹಾಕುತ್ತಿದ್ದಾಳೆ. ಕಡೆಗೆ ಕಾವಲುಗಾರನ ಕೋಣೆಯ ಬೆಂಚಿನಡಿ ಒಂದು ಸಿಗುತ್ತದೆ. ಯಾರೇ ಆಗಲಿ ಇಷ್ಟು ಏಕಾಗ್ರತೆಯಿಂದ ಮಾಡುವ ಕೆಲಸವನ್ನು ಹತ್ತಿರದಿಂದ ನೋಡುತ್ತಾ ಹೋದರೆ ಅದು ಕೆಡದಿರಲಿ ಎಂದೇ ಮನಸ್ಸು ಬಯಸುತ್ತದೆ, ಕೆಲಸ ಎಂಥದೆಂಬುದು ಆ ಗಳಿಗೆಗೆ ಮರೆತೇ ಹೋಗುತ್ತದೆ. ನಿಮಗಾದ ಹೇಸಿಗೆಯೂ ಕಾದಂಬರಿಯ ಲೆಕ್ಕದಲ್ಲಿ ಇರುವಂಥದ್ದೇ.

ಪ್ರಶ್ನೆ: ಸತ್ತವಳು ಬಡ್ಡಿ ತಿನ್ನುವ ಮುದುಕಿ. ಅಂಥವರ ಕೈಗೆ ಸಿಕ್ಕವರನ್ನು ನಮ್ಮ ಕಡೆ ಕಂಡಿದ್ದೇವೆ. ಅವನ ವಾದದಲ್ಲಿ ಹುರುಳಿಲ್ಲವೇ?
– ಓದುಗಳು, ಗಂಗಾವತಿ

ಉತ್ತರ: ಮೊದಲ ಅಧ್ಯಾಯದಲ್ಲಿ ಅವನು ಗಡಿಯಾರ ಗಿರವಿ ಇಡುತ್ತಾನೆ. ಮುದುಕಿ ಕಟ್ಟುವ ಬೆಲೆ ಒಂದೂವರೆ ರೂಬಲ್. ರೂಬಲ್‌ಗೆ ತಿಂಗಳಿಗೆ 10 ಕೊಪೆಕ್ (ನೂರು ಕೊಪೆಕ್ ಸೇರಿದರೆ ಒಂದು ರೂಬಲ್), ಅಂದರೆ ನಮ್ಮ ಮಾತಿನಲ್ಲಿ ಹತ್ತು ರೂಪಾಯಿ ಬಡ್ಡಿ. ಅದನ್ನು ಮೊದಲೇ ಮುರಿದುಕೊಳ್ಳುತ್ತಾಳೆ: ಗಡಿಯಾರದ್ದು 15, ಹಿಂದಿನ ಎರಡು ರೂಬಲ್ ಸಾಲದ್ದು 20. ಕೈಗೆ ಬರುವುದು 1 ರೂಬಲ್ 15 ಕೊಪೆಕ್. ಓದಿ ಹೊಟ್ಟೆ ಉರಿಯುವುದು ಸಹಜ.

ಆದರೆ ನಿಮ್ಮ ಪತ್ರದಲ್ಲಿ ಲಿಜಾವೆಟಾಳ ಹೆಸರೇ ಇಲ್ಲ. ಮುದುಕಿಯ ಈ ಮಲತಂಗಿ ಯಾರಿಗೂ ಬಡ್ಡಿಗೆ ಕೊಟ್ಟವಳಲ್ಲ, ಅಕ್ಕನ ಮನೆಯಲ್ಲಿ ದುಡಿದು ಏಟು ತಿನ್ನುತ್ತಿದ್ದವಳು. ಏಳು ಗಂಟೆಗೆ ಅವಳು ಮನೆಯಲ್ಲಿರುವುದಿಲ್ಲವೆಂದು ಸಂತೆಯಲ್ಲಿ ಕಿವಿಗೆ ಬಿದ್ದದ್ದನ್ನು ನಂಬಿಯೇ ಅವನು ಹೋದದ್ದು. ಅವಳು ಬಂದುಬಿಟ್ಟಳು. ಮುದುಕಿಗೆ ಕೊಡಲಿಯ ಹಿಂಬದಿಯಿಂದ ಹೊಡೆದವನು ಇವಳಿಗೆ ಬೀಸಿದ್ದು ಅಲಗನ್ನೇ. ಮುಖ ಮುಚ್ಚಿಕೊಳ್ಳುವುದೂ ತೋಚದೆ ಅವಳು ಎಡಗೈಯನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಾಳೆ. ಒಂದು ಜೀವ ತೆಗೆದು ನೂರು ಜೀವ ಉಳಿಸುವ ವಾದ ಈ ಕೈಯೆದುರು ಏನು ಹೇಳುತ್ತದೆ? ಮೂರನೇ ಭಾಗದ ಕೊನೆಯಲ್ಲಿ, ಇವಳ ನೆನಪೇ ನನಗೇಕೆ ಬರುತ್ತಿಲ್ಲ ಎಂದು ಅವನೇ ಬೆರಗಾಗುತ್ತಾನೆ. ಓದಿದವರಲ್ಲೂ ಬಹಳ ಜನರ ಪಾಡು ಇದೇ.

ಇನ್ನು ಆ ನೂರು ಜೀವದ ಹಣ? ಚೀಲದಲ್ಲಿದ್ದದ್ದು 317 ರೂಬಲ್ ಮತ್ತು ಮೂರು ಇಪ್ಪತ್ತು ಕೊಪೆಕ್ ನಾಣ್ಯ. ಅವನು ಬಿಚ್ಚಿಯೂ ನೋಡದೆ ಕಲ್ಲಿನಡಿ ಹೂತಿಟ್ಟ.

ಪ್ರಶ್ನೆ: ಆರೇಳು ಜನ ಸೇರಿ ಓದುತ್ತಿದ್ದೇವೆ. ಹೆಸರುಗಳು ಗೊಂದಲ. ಕೊನೆಯ ಉಪಸಂಹಾರ ಬಿಡಬಹುದೇ?
– ಓದುಗ, ಸಿರುಗುಪ್ಪ

ಉತ್ತರ: ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ. ರೋದ್ಯಾ, ರೋದಿಯಾನ್ ರೊಮಾನೊವಿಚ್, ರಾಸ್ಕೋಲ್ನಿಕೋವ್ ಮೂರೂ ಒಬ್ಬನೇ. ಅವ್ದೊತ್ಯಾ ರೊಮಾನೊವ್ನಾ ಅಂದರೆ ತಂಗಿ ದೂನ್ಯಾ. ಇರುವುದು ಆರು ಭಾಗ, ವಾರಕ್ಕೊಂದು ಮುಗಿಸಬಹುದು. ಮೊದಲ ವಾರವೇ ಎಲ್ಲರೂ ‘ಅವನ ಮೇಲೆ ಕನಿಕರ ಎಲ್ಲಿ ಹುಟ್ಟಿತು’ ಎಂದು ಪುಟಸಂಖ್ಯೆ ಗುರುತು ಹಾಕಿಕೊಳ್ಳಿ, ಕೊನೆಯ ವಾರ ತಾಳೆ ನೋಡಿ. ಅದಿಲ್ಲದಿದ್ದರೆ ಚರ್ಚೆ ‘ಪಾಪ’, ‘ಪಾಪಿ’ ಎಂಬ ಎರಡು ಮಾತಲ್ಲೇ ಮುಗಿಯುತ್ತದೆ.

ಉಪಸಂಹಾರ ಬಿಡಬೇಡಿ, ಎರಡೇ ಅಧ್ಯಾಯ. ಎಂಟು ವರ್ಷ ಕಠಿಣ ಶಿಕ್ಷೆಗೆ ಸೈಬೀರಿಯಾ ಸೇರಿದ ಮೇಲೂ ಅವನಿಗೆ ಪಶ್ಚಾತ್ತಾಪವಿಲ್ಲ. ತಾಳಲಾರದೆ ಶರಣಾದದ್ದೇ ತಪ್ಪು ಎಂದುಕೊಳ್ಳುತ್ತಾನೆ. ಅವನು ಬದಲಾಗುವುದು ತೀರಾ ಕೊನೆಯ ಪುಟಗಳಲ್ಲಿ, ಅದು ಆತುರವಾಯಿತೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿದರೆ ತಪ್ಪಿಲ್ಲ. ಅಲ್ಲಿ ದಿಂಬಿನ ಕೆಳಗೆ ಬೈಬಲಿನ ಹೊಸ ಒಡಂಬಡಿಕೆಯ ಪ್ರತಿಯೊಂದು ಇದೆ. ಅವನನ್ನು ಪ್ರೀತಿಸುವ ಸೋನ್ಯಾ ಅವನಿಗೆ, ಸತ್ತು ಮತ್ತೆ ಎದ್ದುಬಂದ ಲಾಜರಸ್‌ನ ಕತೆ ಓದಿದ್ದು ಅದರಿಂದಲೇ. ಅದನ್ನು ಸೋನ್ಯಾಳಿಗೆ ತಂದುಕೊಟ್ಟವಳು ಯಾರೆಂದು ನಾಲ್ಕನೇ ಭಾಗದ ನಾಲ್ಕನೇ ಅಧ್ಯಾಯದಲ್ಲಿದೆ: ಲಿಜಾವೆಟಾ.