ಸಂಪಾದಕರ ಉತ್ತರ: ಪಾರ್ಶ್ವವಾಯುವಿನ ನಂತರ ಕೈಗೆ ಎಷ್ಟು ಕೆಲಸ ಕೊಡಬೇಕು?

ಓದುಗರೊಬ್ಬರ ಪತ್ರದ ಸಾರ ಇಷ್ಟು: 62 ವರ್ಷದ ತಾಯಿಗೆ ಪಾರ್ಶ್ವವಾಯು ಬಡಿದು ಹತ್ತು ವಾರವಾಗಿದೆ. ಎಡಗೈಯಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಬಲಗೈ ಮಾತ್ರ ಸ್ವಾಧೀನಕ್ಕೆ ಬಂದಿಲ್ಲ. ಭುಜ ಸ್ವಲ್ಪ ಎತ್ತುತ್ತಾರೆ, ಬೆರಳು ಮಡಚುತ್ತಾರೆ, ಬಿಡಿಸುವುದು ಅರೆಬರೆ. ದಿನಕ್ಕೆ ಮುಕ್ಕಾಲು ಗಂಟೆ ಫಿಸಿಯೋಥೆರಪಿ ನಡೆಯುತ್ತದೆ. ಅದರಲ್ಲಿ ಅರ್ಧ ಹೊತ್ತು ಕರೆಂಟ್ ಮಷೀನಿಗೆ, ಉಳಿದದ್ದು ಕೈಯನ್ನು ಬೇರೆಯವರು ಹಿಡಿದು ಆಡಿಸುವುದಕ್ಕೆ ಹೋಗುತ್ತದೆ. ಈಚೆಗೆ ಭುಜದ ನೋವು ಶುರುವಾಗಿದೆ. ಬಾಗಿಲಿಗೆ ರಾಟೆ ಕಟ್ಟಿ ಹಗ್ಗ ಎಳೆಸಿ ಎಂದು ನೆಂಟರು ಹೇಳುತ್ತಿದ್ದಾರೆ. ‘ಆರು ತಿಂಗಳೊಳಗೆ ಬಂದಷ್ಟೇ ಬಂತು, ಆಮೇಲೆ ಇಲ್ಲ ಎನ್ನುತ್ತಾರೆ, ನಿಜವೇ? ರೋಬೋಟ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕೇ?’

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇವೆ. ಕೈ ಆಡಿಸಲು ನೆರವಾಗುವ ಆ ಯಂತ್ರಕ್ಕಾಗಿ, ಅಂದರೆ ರೋಬೋಟಿಗಾಗಿ, ಊರು ಬಿಟ್ಟು ಹೋಗಬೇಕಿಲ್ಲ. ಬ್ರಿಟನ್ನಿನಲ್ಲಿ 770 ಜನರನ್ನು ಸೇರಿಸಿಕೊಂಡು ನಡೆಸಿದ ‘ರ‍್ಯಾಟಲ್ಸ್’ ಎಂಬ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷದಂತೆ 12 ವಾರ ರೋಬೋಟ್ ತರಬೇತಿ ಕೊಟ್ಟರು. ಕೈಯ ಚಲನೆಯ ಅಂಕಗಳಲ್ಲಿ ಅಲ್ಪಸ್ವಲ್ಪ ಏರಿಕೆ ಕಂಡಿತೇ ಹೊರತು, ಕೈಯಿಂದ ಕೆಲಸ ಮಾಡುವ ಶಕ್ತಿಯಲ್ಲಿ ಆ ಗುಂಪು ಮಾಮೂಲಿ ಚಿಕಿತ್ಸೆಯವರಿಗಿಂತ ಮುಂದೆ ಹೋಗಲಿಲ್ಲ. ಯಂತ್ರದ ಹಿಡಿಯಲ್ಲಿ ಕೂತು ಕಲಿತ ಚಲನೆ ಲೋಟ ಎತ್ತುವ ಕೈಗೆ ತಾನಾಗಿ ಇಳಿದು ಬರುವುದಿಲ್ಲ.

ಇನ್ನು ಆರು ತಿಂಗಳ ಮಾತು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಕೋಪನ್‌ಹೇಗನ್ನಿನಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ 80% ರೋಗಿಗಳ ಕೈ ಮೂರು ವಾರದೊಳಗೆ, 95% ಜನರ ಕೈ ಒಂಬತ್ತು ವಾರದೊಳಗೆ ತಾನು ಮುಟ್ಟುವ ಮಟ್ಟ ಮುಟ್ಟಿತ್ತು. ‘ಬಾಗಿಲು ಮುಚ್ಚುತ್ತದೆ’ ಎಂಬ ನಂಬಿಕೆಗೆ ಬಲ ಬಂದದ್ದು ಇಂಥ ಅಂಕಿಗಳಿಂದ. ಅವು ಹೇಳುವುದು ಆಗಿನ ಮಾಮೂಲಿ ಚಿಕಿತ್ಸೆಯಲ್ಲಿ ಏನಾಯಿತು ಎಂಬುದನ್ನು. ಹೆಚ್ಚು ತರಬೇತಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್ ಕೇಂದ್ರದಲ್ಲಿ ದಿನಕ್ಕೆ 6 ಗಂಟೆಯಂತೆ ಮೂರು ವಾರದಲ್ಲಿ 90 ಗಂಟೆ ಕೈಯ ತರಬೇತಿ ಕೊಡುವ ಕ್ರಮವಿದೆ. ಅಲ್ಲಿನ 224 ಜನರ ವಿವರ 2019ರಲ್ಲಿ ಹೊರಬಂತು. ಅವರಲ್ಲಿ ಹೆಚ್ಚಿನವರಿಗೆ ಪಾರ್ಶ್ವವಾಯುವಾಗಿ ವರ್ಷ ದಾಟಿತ್ತು, ಆದರೂ ಕೈ ಸುಧಾರಿಸಿತು, ಆರು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಹೋಲಿಕೆಗೆ ಬೇರೆ ಗುಂಪು ಅಲ್ಲಿರಲಿಲ್ಲ, ಅದನ್ನೂ ಹೇಳಬೇಕು.

ನಿಮಗೆ ಇದಕ್ಕಿಂತ ಹತ್ತಿರದ್ದು 2021ರ ಒಂದು ಅಮೆರಿಕನ್ ಪ್ರಯೋಗ. 72 ಜನರಲ್ಲಿ ಕೆಲವರಿಗೆ ಮೊದಲ ತಿಂಗಳಲ್ಲಿ, ಕೆಲವರಿಗೆ ಎರಡರಿಂದ ಮೂರು ತಿಂಗಳಾದಾಗ, ಕೆಲವರಿಗೆ ಆರು ತಿಂಗಳಾದ ಮೇಲೆ 20 ಗಂಟೆ ಹೆಚ್ಚುವರಿ ಕೈ ತರಬೇತಿ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಎರಡರಿಂದ ಮೂರು ತಿಂಗಳಾದಾಗ ಪಡೆದವರಿಗೆ. ನಿಮ್ಮ ತಾಯಿ ಈಗ ಸರಿಯಾಗಿ ಆ ಹೊತ್ತಿನಲ್ಲಿದ್ದಾರೆ. ಅದಕ್ಕೇ ಈ ಉತ್ತರವನ್ನು ಅವಸರದಿಂದ ಬರೆಯುತ್ತಿದ್ದೇವೆ.

ನಿಮ್ಮ ಪತ್ರದಲ್ಲಿ ನಮಗೆ ಸಂತೋಷ ಕೊಟ್ಟ ಮಾತು ‘ಬೆರಳು ಅರೆಬರೆ ಬಿಡಿಸುತ್ತಾರೆ’ ಎಂಬುದು. ನೆದರ್ಲೆಂಡ್ಸಿನಲ್ಲಿ 188 ರೋಗಿಗಳನ್ನು ಗಮನಿಸಿದ 2010ರ ಅಧ್ಯಯನದಲ್ಲಿ, ಮೊದಲ 72 ಗಂಟೆಯೊಳಗೆ ಬೆರಳನ್ನು ಸ್ವಲ್ಪವಾದರೂ ಬಿಡಿಸಿ, ಭುಜವನ್ನು ಪಕ್ಕಕ್ಕೆ ಸ್ವಲ್ಪವಾದರೂ ಎತ್ತಿದವರಿಗೆ ಆರು ತಿಂಗಳಲ್ಲಿ ಕೈಚಳಕ ಒಂದಿಷ್ಟಾದರೂ ಮರಳುವ ಸಾಧ್ಯತೆ 98% ಇತ್ತು. ಎರಡೂ ಆಗದವರಿಗೆ 25%. ಹತ್ತನೇ ವಾರದ ಕೈಗೆ ಈ ಅಂಕಿಯನ್ನು ಹಾಗೆಯೇ ಹಚ್ಚುವಂತಿಲ್ಲ. ಆದರೂ ಮಿದುಳಿನಿಂದ ಬೆರಳಿಗೆ ಹೋಗುವ ದಾರಿ ಪೂರ್ತಿ ಕಡಿದಿಲ್ಲ ಎಂಬುದಕ್ಕೆ ಬೆರಳು ಬಿಚ್ಚುವುದೇ ಗುರುತು. ಮಡಚುವುದು ಬಿಗಿತದಿಂದಲೂ ಆಗಬಹುದು, ಬಿಡಿಸುವುದಕ್ಕೆ ಆ ದಾರಿಯೇ ಬೇಕು.

ಈಗ ಮುಖ್ಯ ವಿಷಯ. ಕರೆಂಟ್ ಎಷ್ಟು ನಿಮಿಷ, ಫಿಸಿಯೋ ಎಷ್ಟು ಹೊತ್ತು ಇದ್ದರು ಎಂದು ಬರೆದಿದ್ದೀರಿ. ಆ ಹೊತ್ತಿನಲ್ಲಿ ತಾಯಿಯ ಕೈ ತಾನಾಗಿ ಎಷ್ಟು ಸಲ ಒಂದು ಕೆಲಸ ಮಾಡಿತು ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ಎಣಿಸಬೇಕಾದದ್ದು ಅದನ್ನೇ. 1996ರಲ್ಲಿ ಅಮೆರಿಕದ ನರವಿಜ್ಞಾನಿ ರ‍್ಯಾಂಡಾಲ್ಫ್ ನೂಡೋ ಮತ್ತು ಸಂಗಡಿಗರು ಸ್ಕ್ವಿರಲ್ ಮಂಕಿ ಎಂಬ ಪುಟ್ಟ ಕೋತಿಗಳಲ್ಲಿ ತೋರಿಸಿದ್ದು ಹೀಗೆ: ಮಿದುಳಿಗೆ ಪೆಟ್ಟಾದ ಮೇಲೆ ಕೈಗೆ ಕೆಲಸವಿಲ್ಲದಿದ್ದರೆ, ಪೆಟ್ಟಾಗದೆ ಉಳಿದ ಅಕ್ಕಪಕ್ಕದ ಭಾಗವೂ ಕೈಯ ಹಿಡಿತದಿಂದ ಜಾರಿಹೋಗುತ್ತದೆ. ಪುಟ್ಟ ಗುಳಿಗಳಿಂದ ತಿನಿಸಿನ ಚೂರು ಹೆಕ್ಕುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಅದು ಉಳಿಯಿತು. ಪ್ರಾಣಿಗಳ ಮೇಲಿನ ಇಂಥ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಕೈ ಚಾಚಿಸುತ್ತಾರೆ. ಮನುಷ್ಯರ ಚಿಕಿತ್ಸೆಯಲ್ಲಿ ಎಷ್ಟು ಸಲ? ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ತಂಡದವರು 312 ಚಿಕಿತ್ಸೆಗಳ ಪಕ್ಕದಲ್ಲಿ ನಿಂತು ಎಣಿಸಿ 2009ರಲ್ಲಿ ವರದಿ ಮಾಡಿದರು: ಕೈಯಿಂದ ನಿಜವಾದ ಕೆಲಸ ಮಾಡಿಸಿದ್ದು ಸುಮಾರು ಅರ್ಧ ಚಿಕಿತ್ಸೆಗಳಲ್ಲಿ ಮಾತ್ರ, ಅವುಗಳಲ್ಲೂ ಸರಾಸರಿ 32 ಸಲ. ಸರಿಯಾಗಿ ಹೊಂದಿಸಿದರೆ ಒಂದು ಗಂಟೆಯಲ್ಲಿ 300 ಸಲ ಆಗುತ್ತದೆ ಎಂದು ಅದೇ ಗುಂಪು ಮರುವರ್ಷ ಮಾಡಿ ತೋರಿಸಿತು.

ಹಾಗೆಂದು ಎಣಿಕೆಯೇ ಮದ್ದಲ್ಲ. ಅದೇ ತಂಡ 2016ರಲ್ಲಿ, ಪಾರ್ಶ್ವವಾಯುವಾಗಿ ಆರು ತಿಂಗಳು ದಾಟಿದ 85 ಜನರಿಗೆ ಒಟ್ಟು 3200, 6400, 9600 ಸಲ ಎಂದು ಹಂಚಿ ನೋಡಿದಾಗ, ಹೆಚ್ಚು ಮಾಡಿದವರು ಹೆಚ್ಚು ಸುಧಾರಿಸಲಿಲ್ಲ. ಏನೇನೂ ಸಾಲದ 32ಕ್ಕಿಂತ ಮೇಲೇರಬೇಕು ಎಂಬುದು ಒಂದು ಪಾಠ. ಅಲ್ಲಿಂದಾಚೆ ಪ್ರತಿ ಸಲವೂ ಎಂಥದ್ದು ಎಂಬುದೇ ಹೆಚ್ಚು ತೂಗುತ್ತದೆ ಎಂದು ನಾವು ಓದಿಕೊಂಡಿದ್ದೇವೆ.

ಮಾಡಿಸುವ ಕ್ರಮ ಹೀಗಿರಲಿ. ಬೆನ್ನಿಗೆ ಆಸರೆಯಿರುವ, ಕೈಯಿಲ್ಲದ ಗಟ್ಟಿ ಕುರ್ಚಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಮೇಜಿನ ಎತ್ತರ ಮೊಣಕೈ ಮಟ್ಟಕ್ಕೆ ಬರಲಿ. ಮೇಜು ಎತ್ತರವಾದರೆ ತಾಯಿ ಭುಜವನ್ನು ಕಿವಿಯತ್ತ ಎಳೆದುಕೊಳ್ಳುತ್ತಾರೆ, ನೋವಿನ ಭುಜಕ್ಕೆ ಅದು ಕೆಟ್ಟದ್ದು. ಮೊದಲ ಕೆಲಸ: ಮಡಚಿದ ಟವೆಲಿನ ಮೇಲೆ ಅಂಗೈ ಇಟ್ಟು ಮುಂದಕ್ಕೆ ಒಂದು ಗೇಣು ತಳ್ಳಿ ಹಿಂದಕ್ಕೆ ತರುವುದು. ಎರಡನೆಯದು: ಅಂಗೈಯಗಲದ ಬಟ್ಟೆ ಚೂರನ್ನು ಹಿಡಿದೆತ್ತಿ ಪಕ್ಕದಲ್ಲಿ ಬಿಡುವುದು. ಮೂರನೆಯದು: ಹಗುರವಾದ ಖಾಲಿ ಪ್ಲಾಸ್ಟಿಕ್ ಲೋಟವನ್ನು ಒಂದು ಗುರುತಿನಿಂದ ಇನ್ನೊಂದಕ್ಕೆ ಇಡುವುದು. ಒಂದೊಂದನ್ನೂ 20 ಸಲ ಮಾಡಿಸಿ, ಎರಡು ನಿಮಿಷ ಬಿಡುವು ಕೊಟ್ಟು ಮುಂದಿನದನ್ನು 20 ಸಲ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಮೊದಲ ವಾರ ದಿನಕ್ಕೆ ಹೀಗೆ 120 ಸಾಕು. ನೋವು ಹೆಚ್ಚದಿದ್ದರೆ ಮೂರು-ನಾಲ್ಕು ವಾರದಲ್ಲಿ 300ಕ್ಕೆ ಏರಿಸಿ. ಕೆನಡಾದಲ್ಲಿ 103 ರೋಗಿಗಳ ಪ್ರಯೋಗವೊಂದರಲ್ಲಿ ಒಂದು ಗುಂಪಿಗೆ ಇದೇ ಬಗೆಯ ಕೆಲಸಗಳನ್ನು ‘ಗ್ರಾಸ್ಪ್’ ಎಂಬ ಹೆಸರಿನಲ್ಲಿ ಮನೆಪಾಠದಂತೆ ಕೊಟ್ಟು, ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ, ನಾಲ್ಕು ವಾರ ಮಾಡಿಸಿದಾಗ ಕೈಯ ಬಳಕೆ ನಿಜಕ್ಕೂ ಹೆಚ್ಚಿತು.

ಕೆಡುವುದು ಎರಡು ಕಡೆ. ಮೊದಲನೆಯದು, ಕೈ ಚಾಚುವ ಬದಲು ಸೊಂಟದಿಂದ ಇಡೀ ಮೈ ಮುಂದೆ ಬಾಗುವುದು. ಲೋಟ ತಲುಪುತ್ತದೆ, ಎಣಿಕೆ ಏರುತ್ತದೆ, ಆದರೆ ಮೊಣಕೈ ನೆಟ್ಟಗಾಗಿರುವುದೇ ಇಲ್ಲ. ಬೆನ್ನು ಕುರ್ಚಿಯನ್ನು ಬಿಟ್ಟರೆ ಆ ಸಲವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಲೋಟವನ್ನು ನಾಲ್ಕು ಬೆರಳಷ್ಟು ಹತ್ತಿರಕ್ಕೆ ತನ್ನಿ. ಎರಡನೆಯದು ಕೆಲಸದ ಕಷ್ಟದ ಮಟ್ಟ. ಇಪ್ಪತ್ತಕ್ಕೆ ಇಪ್ಪತ್ತೂ ಸಲೀಸಾದರೆ ದೂರ ಹೆಚ್ಚಿಸಿ, ಇಲ್ಲವೇ ಲೋಟಕ್ಕೆ ಎರಡು ಬೆರಳು ನೀರು ಹಾಕಿ, ಇಲ್ಲವೇ ಸಣ್ಣ ವಸ್ತು ಕೊಡಿ. ಹತ್ತರಲ್ಲಿ ಐದು ಸಲವೂ ಆಗದಿದ್ದರೆ ಸುಲಭ ಮಾಡಿ. ಬಿಡುವುದು ಹಿಡಿಯುವುದಕ್ಕಿಂತ ಕಷ್ಟ. ಬೆರಳು ಬಿಚ್ಚದಿದ್ದಾಗ ನೀವು ಎಳೆದು ಬಿಡಿಸಬೇಡಿ. ಮಣಿಕಟ್ಟನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಬೆರಳು ಸಡಿಲಾಗುತ್ತವೆ, ಅಷ್ಟು ಆಸರೆ ಕೊಟ್ಟು ಉಳಿದದ್ದನ್ನು ಅವರೇ ಮಾಡಲಿ.

ಮನೆಯವರೇ ಎಲ್ಲ ಮಾಡಿಸಿದರೆ ಸಾಕೆಂಬ ಅರ್ಥ ಇದಕ್ಕೆ ಬೇಡ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ನಡೆದ ‘ಅಟೆಂಡ್’ ಪ್ರಯೋಗದಲ್ಲಿ (2017) ಮನೆಯವರಿಗೆ ತರಬೇತಿ ಕೊಟ್ಟು ಪುನಶ್ಚೇತನವನ್ನು ಅವರ ಕೈಗೆ ಒಪ್ಪಿಸಿದರು. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ 47%. ನೀವು ಮಾಡಿಸುವುದು ಫಿಸಿಯೋ ಕೆಲಸಕ್ಕೆ ಸೇರಿಕೆ, ಅದರ ಜಾಗಕ್ಕೆ ಬಂದದ್ದಲ್ಲ. ಯಾವ ಕೆಲಸ, ಎಷ್ಟು ಕಷ್ಟ ಎಂದು ವಾರಕ್ಕೊಮ್ಮೆ ತೀರ್ಮಾನಿಸುವವರು ಅವರೇ ಆಗಿರಲಿ.

ಭುಜದ ನೋವಿಗೆ ಬರೋಣ. ಇದನ್ನು ಕಡೆಗಣಿಸಿದರೆ ಮೇಲಿನ ಯಾವುದೂ ನಡೆಯುವುದಿಲ್ಲ. ರಾಟೆ ಕಟ್ಟಲೇಬೇಡಿ, ಕಟ್ಟಿದ್ದರೆ ಇವತ್ತೇ ಬಿಚ್ಚಿ. ಆರೋಗ್ಯವಂತರು ಕೈ ಮೇಲೆತ್ತುವಾಗ ಹೆಗಲ ಹಲಗೆ ಮೂಳೆಯೂ ಜೊತೆಗೆ ತಿರುಗುತ್ತದೆ, ತೋಳಿನ ಮೂಳೆ ಹೊರಕ್ಕೆ ಹೊರಳುತ್ತದೆ. ಸ್ನಾಯು ಸೋತ ಭುಜದಲ್ಲಿ ಇವೆರಡೂ ಆಗುವುದಿಲ್ಲ. ಹಗ್ಗ ಕೈಯನ್ನು ಮೇಲಕ್ಕೆ ಎಳೆದಾಗ ತೋಳಿನ ಮೂಳೆಯ ತಲೆ ಮತ್ತು ಮೇಲಿನ ಮೂಳೆಯ ನಡುವೆ ಮೆತ್ತನೆಯ ಭಾಗ ಜಜ್ಜಿಹೋಗುತ್ತದೆ. 1990ರಲ್ಲಿ 28 ಜನರ ಒಂದು ಚಿಕ್ಕ ಪ್ರಯೋಗದಲ್ಲಿ ರಾಟೆ ಬಳಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೋವು ಬಂತು. ಚಿಕಿತ್ಸಕರು ಕೈಯಿಂದ ಆಡಿಸಿದ ಗುಂಪಿನಲ್ಲಿ 8% ಮಾತ್ರ. ಬೇರೆಯವರು ಎತ್ತುವಾಗ ಭುಜದ ಮಟ್ಟ ದಾಟಬಾರದು, ಹೆಬ್ಬೆರಳು ಮೇಲ್ಮುಖವಾಗಿರಲಿ. ಹಾಸಿಗೆಯಿಂದ ಏಳಿಸುವಾಗ, ಬಟ್ಟೆ ಹಾಕುವಾಗ ಆ ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಲೂಬೇಡಿ. ಕೂತಾಗ ಮುಂಗೈ ದಿಂಬಿನ ಮೇಲೋ ಮೇಜಿನ ಮೇಲೋ ಇರಲಿ. ಸ್ಲಿಂಗ್ (ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ) ನಡೆಯುವಾಗ ಮಾತ್ರ, ಕೂತಾಗ ತೆಗೆಯಿರಿ: ಇಡೀ ದಿನ ಮಡಚಿಟ್ಟ ಕೈ ಮಡಚಿಕೊಂಡೇ ಬಿಗಿಯಾಗುತ್ತದೆ.

ಎಳೆದು ಹಿಗ್ಗಿಸುವ ವ್ಯಾಯಾಮದ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಇಂಥ ಕಾಯಿಲೆಗಳಲ್ಲಿ ಹಿಗ್ಗಿಸುವುದರಿಂದ ಕೀಲಿನ ಚಲನೆಯಲ್ಲಿ ಗಣನೀಯ ಲಾಭ ಕಾಣಲಿಲ್ಲ. ಕರೆಂಟ್ ಮಷೀನಿಗೆ ಸೀಮಿತ ಉಪಯೋಗವಿದೆ. ಭುಜದ ಕೀಲು ಕೆಳಗೆ ಜಾರಿದ್ದರೆ ಅದನ್ನು ಹಿಡಿದಿಡಲು, ಮಣಿಕಟ್ಟು ಎತ್ತುವ ಸ್ನಾಯುವನ್ನು ಎಚ್ಚರಿಸಲು ನೆರವಾಗುತ್ತದೆ. ತಾಯಿ ಸುಮ್ಮನೆ ಮಲಗಿದ್ದಾಗ ಕೊಡುವ ಬದಲು, ಕರೆಂಟ್ ಬರುವ ಕ್ಷಣಕ್ಕೆ ಸರಿಯಾಗಿ ಅವರೂ ಬೆರಳು ಬಿಡಿಸಲು ಯತ್ನಿಸುವಂತೆ ಕೊಡಿ ಎಂದು ಫಿಸಿಯೋ ಅವರನ್ನು ಕೇಳಿ. ಕನ್ನಡಿ ಚಿಕಿತ್ಸೆ ಅಗ್ಗ, ಮಾಡಬಹುದು: ಎರಡೂ ಕೈಗಳ ನಡುವೆ ನಿಲ್ಲಿಸಿದ ಕನ್ನಡಿಯ ಹಿಂದೆ ಸೋತ ಕೈ, ಮುಂದೆ ಒಳ್ಳೆಯ ಕೈ. ಕನ್ನಡಿಯನ್ನು ನೋಡುತ್ತ ಎರಡೂ ಕೈ ಒಟ್ಟಿಗೆ ಆಡಿಸಬೇಕು, ದಿನಕ್ಕೆ ಅರ್ಧ ಗಂಟೆ, ನಾಲ್ಕು ವಾರ. ಉಂಗುರ, ಬಳೆ, ಗಡಿಯಾರ ತೆಗೆದಿಡಿ, ಇಲ್ಲವಾದರೆ ಕಾಣುವ ಕೈ ತನ್ನದೆಂದು ಮನಸ್ಸು ಒಪ್ಪುವುದಿಲ್ಲ.

ಒಳ್ಳೆಯ ಕೈಗೆ ಕೈಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ರೂಪಿಸಿದರು. ಕೈ ಸೋತಾಗ ಪ್ರತಿ ಯತ್ನವೂ ವಿಫಲವಾಗಿ, ಬಳಸದಿರುವುದನ್ನೇ ಮಿದುಳು ಕಲಿತುಬಿಡುತ್ತದೆ ಎಂಬುದು ಅವರು ಕಂಡುಕೊಂಡದ್ದು. ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾದ 222 ಜನರಲ್ಲಿ ನಡೆದ ‘ಎಕ್ಸೈಟ್’ ಪ್ರಯೋಗದಲ್ಲಿ (2006) ಎರಡು ವಾರದ ತರಬೇತಿಯ ಲಾಭ ವರ್ಷದ ನಂತರವೂ ಉಳಿದಿತ್ತು. ಆದರೆ ಅದಕ್ಕೆ ಅರ್ಹತೆ ಬೇಕು: ಮಣಿಕಟ್ಟು ಕನಿಷ್ಠ 10 ಡಿಗ್ರಿ ಮೇಲೇಳಬೇಕು, ಹೆಬ್ಬೆರಳು ಮತ್ತು ಇನ್ನೆರಡು ಬೆರಳು ಕನಿಷ್ಠ 10 ಡಿಗ್ರಿ ಬಿಚ್ಚಬೇಕು. ಅಷ್ಟಿಲ್ಲದವರಿಗೆ ಕೈಗವಸು ತೊಡಿಸಿದರೆ ಸಿಗುವುದು ಸಂಕಟ ಮಾತ್ರ. ನಿಮ್ಮ ತಾಯಿಯ ಕೋಲು ಒಳ್ಳೆಯ ಕೈಯಲ್ಲೇ ಇದೆ. ನಡೆಯುವಾಗ, ಬಚ್ಚಲಿಗೆ ಹೋಗುವಾಗ, ಬಿಸಿ ವಸ್ತುವಿನ ಹತ್ತಿರ ಕೈಗವಸು ಇರಲೇಕೂಡದು.

ಪ್ರತಿ ಭಾನುವಾರ ಒಂದೇ ಹೊತ್ತಿಗೆ ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡು (ಎರಡೂವರೆ ಸೆಂಟಿಮೀಟರಿನವು) ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟಿದವು ಎಂದು ಬರೆದಿಡಿ. ಕೈ ಊದಿ, ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ಉರಿಯುವಂತಾದರೆ ಅಭ್ಯಾಸ ನಿಲ್ಲಿಸಿ ಎರಡು ದಿನದೊಳಗೆ ವೈದ್ಯರಿಗೆ ತೋರಿಸಿ. ಹೊಸದಾಗಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಬಲ ಇಳಿದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಪತ್ರದಲ್ಲಿ ಎರಡು ವಿವರ ಇಲ್ಲ: ಮಣಿಕಟ್ಟು ಎಷ್ಟು ಡಿಗ್ರಿ ಮೇಲೇಳುತ್ತದೆ, ಕಣ್ಣು ಮುಚ್ಚಿದಾಗ ಬೆರಳ ಮೇಲಿನ ಸ್ಪರ್ಶ ಗೊತ್ತಾಗುತ್ತದೆಯೇ. ಫಿಸಿಯೋ ಅವರಿಂದ ಅಳೆಸಿ ಬರೆದು ಕಳಿಸಿ. ಕೈಗವಸಿನ ಕ್ರಮ ಅವರಿಗೆ ಒಪ್ಪುತ್ತದೆಯೇ ಎಂಬ ಮಾತನ್ನು ಆ ಎರಡು ಅಳತೆ ಬಂದ ಮೇಲೆ ಮುಂದುವರಿಸುತ್ತೇವೆ.