ಬಳಸಿ ಎಸೆಯುವ ಹಾಲಿನ ಬಾಟಲಿ ದಿನಾ ಕೊಡಬಹುದಾ?

ಮಗುವಿಗೆ ನಾಲ್ಕು ತಿಂಗಳು, ಮುಂದಿನ ತಿಂಗಳು ನೀವು ಕೆಲಸಕ್ಕೆ ಹೋಗಬೇಕು, ಮನೆಯಲ್ಲಿ ಅತ್ತೆ ನೋಡಿಕೊಳ್ಳುತ್ತಾರೆ. ಬಾಟಲಿ ತೊಳೆದು ಕುದಿಸುವ ಕೆಲಸ ಅವರ ಮೇಲೆ ಬೀಳಬಾರದು ಅಂತ ಡಿಸ್ಪೋಸಬಲ್ ಬಾಟಲಿ ತರಿಸೋಣವೇ ಎಂದು ಕೇಳಿದ್ದೀರಿ. ದಿನಾ ಬಳಸೋಕೆ ಬೇಡ. ಪ್ರಯಾಣಕ್ಕೆ, ಆಸ್ಪತ್ರೆಯಲ್ಲಿ ಎರಡು ದಿನ ಇರಬೇಕಾಗಿ ಬಂದರೆ ಅಂತ ನಾಲ್ಕೈದು ಇಟ್ಟುಕೊಳ್ಳಿ, ಸಾಕು.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ನನ್ನ ಮಗ ಹುಟ್ಟಿದಾಗ ಅಮೆರಿಕದಲ್ಲಿರುವ ನಾದಿನಿ ಎರಡು ಥರದ ಬಾಟಲಿ ತಂದಿದ್ದಳು. ಒಂದರಲ್ಲಿ ಹೊರಗಿನ ಗಟ್ಟಿ ಭಾಗ ಹಾಗೇ ಇರುತ್ತದೆ. ಒಳಗೆ ತೆಳು ಪ್ಲಾಸ್ಟಿಕ್ ಚೀಲ ಸಿಕ್ಕಿಸಿ ಹಾಲು ತುಂಬಬೇಕು, ಕುಡಿಸಿದ ಮೇಲೆ ಚೀಲ ಮಾತ್ರ ಎಸೆಯಬೇಕು. ಮಗು ಹಾಲು ಎಳೆದ ಹಾಗೆಲ್ಲ ಚೀಲ ಮುದುಡುತ್ತದೆ, ಹಾಗಾಗಿ ಹೊಟ್ಟೆಗೆ ಗಾಳಿ ಹೋಗುವುದು ಕಡಿಮೆ ಅಂತ ಹೇಳುತ್ತಾರೆ. ಆದರೆ ನಿಪ್ಪಲ್ ಅದೇ, ಅದನ್ನು ಪ್ರತಿ ಸಲ ತೊಳೆದು ಕುದಿಸಲೇಬೇಕು. ಇನ್ನೊಂದು ನಿಪ್ಪಲ್ ಸಮೇತ ಪೂರ್ತಿ ಎಸೆಯುವಂಥದ್ದು. ಮೊದಲೇ ಕ್ರಿಮಿ ತೆಗೆದು ಪ್ಯಾಕ್ ಮಾಡಿರುತ್ತಾರೆ, ಬಿಚ್ಚಿ ಹಾಲು ಹಾಕಿದರೆ ಆಯಿತು. ರಾತ್ರಿ ಎರಡು ಗಂಟೆಗೆ ಒಲೆ ಹಚ್ಚದೆ ಇರುವುದು ಎಷ್ಟು ನೆಮ್ಮದಿ ಅಂತ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಯೋಚನೆ ತಪ್ಪು ಅಂತ ನಾನು ಹೇಳುತ್ತಿಲ್ಲ.

ಆದರೆ ಅಂಥ ಹೊಸ ಬಾಟಲಿಯಲ್ಲೇ ನನ್ನ ಮಗನಿಗೆ ಭೇದಿ ಶುರುವಾಗಿದ್ದು. ಮೇ ತಿಂಗಳು, ತುಮಕೂರಿನಲ್ಲಿ ಒಂದು ಮದುವೆ. ಚಿಂತಾಮಣಿ ದಾಟಿದ ಮೇಲೆ ಅರ್ಧ ಬಾಟಲಿ ಕುಡಿದು ಮಲಗಿದ. ಉಳಿದ ಪುಡಿ ಹಾಲನ್ನು ಚೆಲ್ಲೋಕೆ ಮನಸ್ಸು ಬರಲಿಲ್ಲ. ದೊಡ್ಡಬಳ್ಳಾಪುರ ದಾಟಿದಾಗ ಅವನು ಎದ್ದು ಅತ್ತ, ಅದನ್ನೇ ಬಾಯಿಗಿಟ್ಟೆ. ಆ ಬಿಸಿಲಲ್ಲಿ ಎರಡು ಗಂಟೆಗೂ ಜಾಸ್ತಿ ಆಗಿತ್ತು. ರಾತ್ರಿ ಶುರುವಾಗಿದ್ದು ಮೂರು ದಿನ ನಿಲ್ಲಲಿಲ್ಲ. ಬಾಟಲಿ ಹೊಸದು, ನಿಪ್ಪಲ್ ಹೊಸದು ಅಂತ ನಾನು ಧೈರ್ಯವಾಗಿದ್ದೆ. ಕಲಸಿದ ಪುಡಿ ಹಾಲನ್ನು ಎರಡು ಗಂಟೆಯ ಒಳಗೆ ಕುಡಿಸಬೇಕು, ಮಗು ಬಾಯಿಟ್ಟು ಬಿಟ್ಟ ಹಾಲನ್ನು ಚೆಲ್ಲಲೇಬೇಕು ಅಂತ ಡಾಕ್ಟರು ಹೇಳಿದಾಗಲೇ ನನಗೆ ತಿಳಿದಿದ್ದು.

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ಗಟ್ಟಿಮುಟ್ಟಾಗಿ ಕಾಣುವ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ ಅಲ್ವಾ? ನಮ್ಮ ಅತ್ತೆ ಪಾಪ, ಆ ಬಾಟಲಿಗಳನ್ನು ತೊಳೆದು ಕಿಟಕಿ ಮೇಲೆ ಸಾಲಾಗಿ ಒಣಗಿಸಿಟ್ಟಿದ್ದರು. ಒಂದು ಸಲಕ್ಕೆ ಅಂತ ಮಾಡಿದ್ದನ್ನು ಮತ್ತೆ ಮತ್ತೆ ಕುದಿಸಬಾರದು. ಕುದಿಸದೆ ಬರೀ ತೊಳೆದು ಕೊಟ್ಟರೆ ಅದು ಇನ್ನೂ ಅಪಾಯ. ಎಸೆದರೂ ಲೆಕ್ಕ ಹಾಕಿ: ದಿನಕ್ಕೆ ಎಂಟು ಸಲ ಅಂದರೆ ತಿಂಗಳಿಗೆ 240 ಬಾಟಲಿ. ನಮ್ಮ ಕಡೆ ಅದು ಹೋಗುವುದು ತಿಪ್ಪೆಗೆ, ಇಲ್ಲ ಕೆರೆ ಅಂಗಳಕ್ಕೆ. ಯಾರೋ ಸಂಜೆ ಬೆಂಕಿ ಹಚ್ಚುತ್ತಾರೆ. ಆ ಹೊಗೆ ಕುಡಿಯುವುದೂ ನಮ್ಮ ಮಕ್ಕಳೇ.

ನೀವು ಪುಡಿ ಹಾಲು ಕೊಡುವುದಾದರೆ ಬಾಟಲಿಗಿಂತ ನೀರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಿ ಅನ್ನುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಹೆಚ್ಚೇ ಆಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ, ಆದರೆ ಅದನ್ನೂ ಕುದಿಸಿ. ಘಟಕದಿಂದ ಮನೆಗೆ ಬರುವಷ್ಟರಲ್ಲಿ ಕ್ಯಾನು, ಕೊಳಾಯಿ, ಕೈ ಎಲ್ಲ ತಾಗಿರುತ್ತವೆ. ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಜಾಸ್ತಿ ಆರಲು ಬಿಡದೆ ಪುಡಿ ಹಾಕಬೇಕು. 70 ಡಿಗ್ರಿಯಾದರೂ ಬಿಸಿ ಇದ್ದರೆ ಪುಡಿಯಲ್ಲಿರಬಹುದಾದ ಕ್ರಿಮಿಯೂ ಸಾಯುತ್ತದೆ. ಇದನ್ನು ಕುದಿಸಿದ ಸ್ಟೀಲ್ ಪಾತ್ರೆಯಲ್ಲೇ ಕಲಸಿ. ಬಿಸಿ ನೀರು ತಾಗಿದರೆ ಪ್ಲಾಸ್ಟಿಕ್ ಬಾಟಲಿಯಿಂದ ಕಣ್ಣಿಗೆ ಕಾಣದ ಚೂರುಗಳು ಹಾಲಿಗೆ ಬಿಡುತ್ತವೆ ಅಂತ 2020ರಲ್ಲಿ ಐರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಉಗುರು ಬೆಚ್ಚಗೆ ಆದ ಮೇಲೆ ಸುರಿದುಕೊಳ್ಳಿ.

ಪ್ರಯಾಣಕ್ಕೆ ತರಿಸುವ ನಾಲ್ಕೈದು ಬಾಟಲಿಯಾದರೂ ಐಎಸ್‌ಐ ಗುರುತು ನೋಡಿ ತಗೊಳ್ಳಿ. 1992ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಮಾರುವ ಹಾಲಿನ ಬಾಟಲಿಗೆ ಅದು ಇರಲೇಬೇಕು. ಬಾಟಲಿಗೆ ಜಾಹೀರಾತು ಕೊಡುವುದನ್ನೂ ಅದೇ ಕಾನೂನು ತಡೆಯುತ್ತದೆ.

ನಿಮ್ಮ ಅತ್ತೆಗೆ ನಿಜವಾಗಿ ಹಗುರ ಆಗಬೇಕಾ? ಒಳಲೆ ಹುಡುಕಿ, ಅಂದರೆ ಮಗುವಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು. ಅಟ್ಟದ ಮೇಲೋ ದೇವರ ಪೆಟ್ಟಿಗೆಯಲ್ಲೋ ಒಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನದು ಸಿಗುತ್ತದೆ. ಸಂದಿಯಿಲ್ಲ, ತೂತಿಲ್ಲ, ಬ್ರಶ್ ಬೇಡ. ಸೋಪು ಹಾಕಿ ತೊಳೆದು ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಗಳಲ್ಲೂ ಇದರಿಂದ ಕುಡಿಸುತ್ತಾರೆ. ಬಾಟಲಿ ಅಭ್ಯಾಸವಾಗಿ ಮಗು ಎದೆ ಬಿಡುವ ಭಯವೂ ಇದರಲ್ಲಿ ಕಡಿಮೆ. ಆರು ತಿಂಗಳವರೆಗೆ ಸಾಧ್ಯವಾದಷ್ಟು ನಿಮ್ಮ ಹಾಲೇ ಸಿಗಲಿ. ಕೆಲಸಕ್ಕೆ ಹೊರಡುವ ಮುಂಚೆ ಹಿಂಡಿಟ್ಟು ಹೋಗಿ. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ, ನಮ್ಮ ಬೇಸಿಗೆಯಲ್ಲಿ ಅಷ್ಟು ನಂಬಬೇಡಿ, ಫ್ರಿಜ್ಜಿನಲ್ಲಿಡಿ.

ಕೆಲಸಕ್ಕೆ ಹೋಗುವ ಹಿಂದಿನ ದಿನ ಶುರು ಮಾಡಬೇಡಿ. ಈಗಿನಿಂದಲೇ ದಿನಕ್ಕೊಂದು ಸಲ ಅತ್ತೆಯ ಕೈಯಲ್ಲಿ ಕುಡಿಸಲು ಹೇಳಿ. ಮಗುವನ್ನು ಸ್ವಲ್ಪ ಎತ್ತಿ ಕೂರಿಸಿಕೊಂಡು, ತುಟಿಯ ಅಂಚಿಗೆ ಒಳಲೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಮೊದಲ ಮೂರು ನಾಲ್ಕು ದಿನ ಅರ್ಧ ಹಾಲು ಕತ್ತಿಗೇ ಸುರಿಯುತ್ತದೆ, ಒಂದು ಬಟ್ಟೆ ಕಟ್ಟಿರಿ. ಎಷ್ಟು ಒಳಗೆ ಹೋಯಿತೋ ಅಂತ ಆ ದಿನಗಳಲ್ಲಿ ಗಾಬರಿ ಬೇಡ, ನೀವು ಮನೆಯಲ್ಲೇ ಇರುತ್ತೀರಲ್ಲ, ಆಮೇಲೆ ಎದೆಗೆ ಹಾಕಿಕೊಳ್ಳಿ.